ಕೂರಲು ಜಾಗವಿರುವ ಕುಂಡ

ಸಾನಮಾವು ಕಾಡಿನ ಅಂಚಿಗೆ ಬೆಳಕು ಇನ್ನೂ ಪೂರ್ತಿ ಬಂದಿಲ್ಲ. ನರ್ಸರಿಯ ತಂತಿ ಗೇಟಿನ ಹೊರಗೆ ಮುತ್ತರಾಯಪ್ಪ ಸೈಕಲ್ ಹಿಡಿದು ನಿಂತಿದ್ದಾರೆ. ಬೀಗ ತೆಗೆಯುವ ಮೊದಲು ಒಂದು ಸಲ ಗಾಳಿ ಮೂಸುತ್ತಾರೆ, ಒಂದು ಸಲ ಕಿವಿಗೊಡುತ್ತಾರೆ. ಟೊಮೇಟೊ ಹೊಲಕ್ಕೋ ಬಾಳೆ ತೋಟಕ್ಕೋ ಇಳಿದ ಆನೆಗಳು ಕಾಡಿಗೆ ಮರಳುವ ದಾರಿ ಈ ಬೇಲಿಯ ಪಕ್ಕದಲ್ಲೇ ಇದೆ. "ಹೋದವು ಬುಡು," ಎಂದು ತಮಗೆ ತಾವೇ ಹೇಳಿಕೊಂಡು ಬೀಗಕ್ಕೆ ಕೈ ಹಾಕುತ್ತಾರೆ.

ಹೋದ ವರ್ಷ ಒಂದು ಆನೆ ಬೇಲಿ ತುಳಿದು ಒಳಗೇ ಬಂದಿತ್ತು. ಮೂಲೆಯ ಬಾಳೆಗಿಡ ತಿಂದು, ತೊಟ್ಟಿಯ ನೀರು ಬರಿದು ಮಾಡಿ, ಬೋನ್ಸಾಯ್ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತು ಹೊರಟುಹೋಯಿತು. ಆಲ, ಅರಳಿ, ಬಸರಿ ಎಲ್ಲವೂ ಆನೆಗೆ ಇಷ್ಟದ ಸೊಪ್ಪು. ಆದರೂ ಒಂದೆಲೆ ಮುಟ್ಟಿರಲಿಲ್ಲ. "ಅದಕ್ಕೂ ನಾಚ್ಕೆ ಆಯ್ತೇನೋ," ಎಂದು ಮುತ್ತರಾಯಪ್ಪ ನಗುತ್ತಾರೆ. "ಮೊಣಕಾಲುದ್ದ ಇಲ್ದಿರೋ ಆಲದ ಮರಾನ ತಿಂದೆ ಅಂತ ಗುಂಪಿಗೆ ಹೋಗಿ ಎಂಗೆ ಹೇಳ್ಕಂತದೆ?"

ಅರವತ್ತು ದಾಟಿದ ಈ ಮನುಷ್ಯನ ಕೆಲಸ ಕೇಳಿದರೆ ಒಂದೇ ಸಾಲಿನದು. ಬೋನ್ಸಾಯ್ ಮರಕ್ಕೆ ತಕ್ಕ ಕುಂಡ ಆರಿಸುವುದು. ಹೊಸೂರಿನ ಬಂಗಲೆಗಳ ಮುಂದೆ, ಬೆಂಗಳೂರಿನ ಹೋಟೆಲುಗಳ ಮೇಜಿನ ಮೇಲೆ ಈ ನರ್ಸರಿಯ ಮರಗಳಿವೆ. ನೋಡಿದವರು ಮರವನ್ನು ಹೊಗಳುತ್ತಾರೆ, ಬೆಳೆಸಿದವರನ್ನು ಹೊಗಳುತ್ತಾರೆ. ಕುಂಡವನ್ನು ಯಾರೂ ಗಮನಿಸುವುದಿಲ್ಲ. "ಕುಂಡ ಕಣ್ಣಿಗೆ ಬಿತ್ತು ಅಂದ್ರೆ ನಾನು ತಪ್ಪು ಮಾಡಿದೀನಿ ಅಂತ," ಎನ್ನುತ್ತಾರೆ ಮುತ್ತರಾಯಪ್ಪ.

ಇವತ್ತಿನ ಮೊದಲ ಮರ ಒಂದು ಹುಣಸೆ. ಪ್ಲಾಸ್ಟಿಕ್ ತೊಟ್ಟಿಯಿಂದ ಬಿಡಿಸಿ, ಒದ್ದೆ ಗೋಣಿ ಸುತ್ತಿ ಕಲ್ಲಿನ ಕಟ್ಟೆಯ ಮೇಲಿಟ್ಟಿದ್ದಾರೆ. ಅವರು ಮರದ ಮುಂದೆ ಕುಕ್ಕರುಗಾಲಲ್ಲಿ ಕೂತು ಕತ್ತು ತಗ್ಗಿಸುತ್ತಾರೆ. ಕಣ್ಣು ಬುಡದ ಮಟ್ಟಕ್ಕೆ ಬರಬೇಕು. ಹಿಂದಿನ ಆಕಾಶ ಬೂದುಬಣ್ಣಕ್ಕೆ ತಿರುಗುವ ಈ ಹೊತ್ತಿನಲ್ಲಿ ಎಲೆಯ ಹಸಿರು, ತೊಗಟೆಯ ಕಂದು ಯಾವುದೂ ಕಾಣುವುದಿಲ್ಲ. ಮರದ ಆಕಾರ ಮಾತ್ರ ಕಪ್ಪಗೆ ಎದ್ದು ನಿಲ್ಲುತ್ತದೆ. ಬೆಳಗಾಗುವ ಮುಂಚೆಯೇ ಬರುವುದು ಅದಕ್ಕೆ. ಬಣ್ಣ ಬಂದ ಮೇಲೆ ಕಣ್ಣು ಮೋಸ ಹೋಗುತ್ತದೆ ಎಂಬುದು ಅವರ ಮಾತು.

ಆಮೇಲೆ ಜೇಬಿನಿಂದ ಒಂದು ದಾರ, ಡಬ್ಬಿಯಿಂದ ಒಂದು ಹಿಡಿ ಒಲೆ ಬೂದಿ ಹೊರಬರುತ್ತವೆ. ಬುಡದಿಂದ ಹೊರಗಿನ ಕೊಂಬೆಯ ತುದಿಯವರೆಗೆ ದಾರ ಎಳೆದು, ಮಡಚಿ, ಮರದ ಸುತ್ತ ಬೂದಿಯಲ್ಲಿ ಗೆರೆ ಬಿಡುತ್ತಾರೆ. ಮೊದಲು ದುಂಡಗೆ. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಬಂದು ಅಂಗೈಯಿಂದ ಅಳಿಸುತ್ತಾರೆ. ಎರಡನೆಯ ಸಲ ಮೊಟ್ಟೆಯಾಕಾರ, ಎಡಕ್ಕೆ ಸ್ವಲ್ಪ ಉದ್ದ. ಅದೂ ಅಳಿಯುತ್ತದೆ. ಮೂರನೆಯದನ್ನು ನೋಡಿ ತಲೆಯಾಡಿಸಿ ಕುಂಡಗಳ ಶೆಡ್ಡಿಗೆ ನಡೆಯುತ್ತಾರೆ. ಅಲ್ಲಿ ಸುಟ್ಟ ಮಣ್ಣಿನವು, ಹೊಳಪಿನ ನೀಲಿಯವು, ಬಾವಿಯಂತೆ ಆಳದವು, ತಟ್ಟೆಯಂತೆ ತೆಳುವಾದವು ಒಂದರ ಮೇಲೊಂದು ಕೂತಿವೆ. ಹೊರಬಂದಾಗ ಕೈಯಲ್ಲಿ ಇಟ್ಟಿಗೆ ಬಣ್ಣದ, ಚೌಕ ಮೂಲೆಯ ಒಂದು ಕುಂಡ. ಬೂದಿ ಗೆರೆಯ ಮೇಲಿಟ್ಟರೆ ಅಂಚಿಗೆ ಅಂಚು ಕೂರುತ್ತದೆ.

"ಹುಣ್ಸೆಗೆ ಮೂಲೆ ಬೇಕು," ಎನ್ನುತ್ತಾರೆ. "ಗಟ್ಟಿ ಮರ ಅದು, ದುಂಡಗಿರೋದ್ರಾಗೆ ಇಟ್ರೆ ಪೈಲ್ವಾನನಿಗೆ ತೊಟ್ಲು ಕಟ್ದಂಗೆ ಕಾಣ್ತದೆ."

ಅಷ್ಟರಲ್ಲಿ ಮಣ್ಣು ಹದ ಮಾಡುವ ವೆಂಕಟಲಕ್ಷ್ಮಿ ಬಂದಿದ್ದಾರೆ. ಇಟ್ಟಿಗೆ ಚೂರು, ಕೆಮ್ಮಣ್ಣು, ಹಳೆಗೊಬ್ಬರ ಜರಡಿ ಹಿಡಿಯುತ್ತಲೇ ಅವರ ಕಣ್ಣು ಶೆಡ್ಡಿನ ಮೂಲೆಗೆ ಹೋಗುತ್ತದೆ. ಅಲ್ಲಿ ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಒಂದು ಬಸರಿ ಮರವಿದೆ. ಎರಡಡಿ ಎತ್ತರ, ಮುಂಗೈ ದಪ್ಪದ ಕಾಂಡ, ಎತ್ತರಕ್ಕಿಂತ ಹರವೇ ಹೆಚ್ಚು. ಉಳಿದ ಮರಗಳ ಪಕ್ಕದಲ್ಲಿ ಅದರ ಎಲೆಗಳು ಮಂಕಾಗಿ, ಅಂಚು ಹಳದಿಯಾಗಿ ಕಾಣುತ್ತವೆ.

"ಏಮಯ್ಯಾ, ಈ ಸಲಾನೂ ಮೂರ್ತ ಕೂಡಿ ಬರ್ನಿಲ್ವಾ?" ಎಂದು ಅವರು ಕೇಳುತ್ತಾರೆ. ಮುತ್ತರಾಯಪ್ಪ ಕೇಳಿಸದವರಂತೆ ಹುಣಸೆಯ ಬೇರು ಬಾಚುತ್ತಾರೆ. ವೆಂಕಟಲಕ್ಷ್ಮಿ ಬಿಡುವವರಲ್ಲ. "ಮಗ್ಳ ಮದ್ವೆಗೂ ಇಷ್ಟು ಹುಡುಕ್ನಿಲ್ಲ ಈಯಪ್ಪ. ಗಂಡು ಬಂದ, ಉಪ್ಪಿಟ್ಟು ತಿಂದ, ಹೂಂ ಅಂದ್ಬುಟ್ಟ. ಈ ಮರಕ್ಕೆ ಮಾತ್ರ ಊರಾಗಿರೋ ಯಾವ ಕುಂಡಾನೂ ಒಪ್ಪಲ್ಲ."

"ಚಾಲಮ್ಮಾ, ಚಾಲು," ಎಂದು ಅವರು ತೆಲುಗಿನಲ್ಲೇ ಸಾಕು ಮಾಡುತ್ತಾರೆ. ಆದರೆ ಕೈ ಒಂದು ಕ್ಷಣ ನಿಲ್ಲುತ್ತದೆ, ಡ್ರಮ್ಮಿನ ಕಡೆ ಒಂದು ನೋಟ ಹೋಗಿ ಬರುತ್ತದೆ.

ಈ ನೋಟದ ಹಿಂದಿನ ಕಥೆಗೆ ಜೂಜುವಾಡಿಯ ಕಡೆಗೆ ಹೋಗಬೇಕು. ಈಗ ಅಲ್ಲಿ ಅತ್ತಿಬೆಲೆಯಿಂದ ಬರುವ ಲಾರಿಗಳ ಸಾಲು, ಪಂಚರ್ ಅಂಗಡಿ, ಬಿರಿಯಾನಿ ಹೋಟೆಲು. ಮುತ್ತರಾಯಪ್ಪನ ಅಪ್ಪನ ಕಾಲದಲ್ಲಿ ರಸ್ತೆ ಕಿರಿದಾಗಿತ್ತು, ರಸ್ತೆಯ ಪಕ್ಕದಲ್ಲಿ ಒಂದು ದೊಡ್ಡ ಬಸರಿ ಮರವಿತ್ತು. ಅಪ್ಪ ಕಟ್ಟೆ ಕಟ್ಟುವವರು. ಮನೆ, ಬಾವಿ, ಕಾಂಪೌಂಡು ಕಟ್ಟುವ ಕಲ್ಲುಗಾರರು ಬೇರೆ ಇದ್ದರು. ಮರದ ಸುತ್ತ ಕಟ್ಟೆ ಎಂದರೆ ಡೆಂಕಣಿಕೋಟೆಯಿಂದಲೂ ಇವರಿಗೇ ಹೇಳಿ ಕಳಿಸುತ್ತಿದ್ದರು. ಬಸರಿಯ ಹಳೆಯ ಮಣ್ಣಿನ ಕಟ್ಟೆ ಮಳೆಗೆ ಕುಸಿದಾಗ ಅದನ್ನು ಕಲ್ಲಿನಲ್ಲಿ ಕಟ್ಟಿದ್ದು ಅಪ್ಪ ಮತ್ತು ಆಗಷ್ಟೇ ಮೀಸೆ ಚಿಗುರುತ್ತಿದ್ದ ಮುತ್ತರಾಯಪ್ಪ. ಅದು ಅವರ ಕೈಯ ಮೊದಲ ಕಟ್ಟೆ.

ಕಟ್ಟೆ ಕಟ್ಟುವುದನ್ನು ಅವರು ವಿವರಿಸುವಾಗ ಕೈಗಳು ಗಾಳಿಯಲ್ಲೇ ಕಲ್ಲು ಜೋಡಿಸುತ್ತವೆ. ಮಧ್ಯಾಹ್ನ ನೆತ್ತಿಯ ಮೇಲೆ ಸೂರ್ಯ ಬಂದಾಗ ಮರದ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಗೆ ದಾರ ಹಿಡಿದು ಬೂದಿ ಗೆರೆ ಬಿಡಬೇಕು. ಗೆರೆಯ ಒಳಗೆ ಒಂದು ಮೊಳ ಬಿಟ್ಟು ಕಲ್ಲು ಕೂರಿಸಬೇಕು. ಕೂತವರ ಕಾಲೂ ನೆರಳಲ್ಲಿರಬೇಕಲ್ಲ. ಒಂಟಿ ಮರಕ್ಕೆ ದುಂಡು, ಅರಳಿ-ಬೇವಿನ ಜೋಡಿಗೆ ಚೌಕ. ಎತ್ತರ ಇಷ್ಟೇ: ವಯಸ್ಸಾದವರು ಕೂತರೆ ಪಾದ ನೆಲ ಮುಟ್ಟಬೇಕು, ತಲೆಯ ಮೇಲೆ ಹೊರೆ ಹೊತ್ತ ಹೆಂಗಸು ಯಾರ ಸಹಾಯವೂ ಇಲ್ಲದೆ ಕೂತು ಹಿಂದಕ್ಕೆ ವಾಲಿ ಬುಟ್ಟಿ ಇಳಿಸುವಂತಿರಬೇಕು. ಕಲ್ಲಿನ ನಡುವೆ ಗಾರೆ ಇಲ್ಲ.

"ಗಾರೆ ಹಾಕ್ಬಾರ್ದು," ಎನ್ನುತ್ತಾರೆ. "ಬೇರು ನೂಕ್ತದೆ. ಅದು ಯಾವ ಕಡೆ ನೂಕ್ತದೋ ಆ ಕಡೆ ಕಲ್ಲು ಹಿಂದಕ್ಕೆ ಸರ್ಕೋಬೇಕು. ಅಪ್ಪ ಹೇಳಾದು, ಮರ ಬೆಳೀತಿರ್ತದೆ ಕಣ್ಲಾ, ಕಟ್ಟೇನೂ ಅದ್ರ ಜತೆ ಬೆಳೀಬೇಕು ಅಂತ. ಈಗ ಎಲ್ಲಾ ಕಡೆ ಬುಡದ ಗಂಟ ಸಿಮೆಂಟು, ಮ್ಯಾಕೆ ಟೈಲ್ಸು. ನೋಡಾಕೆ ಬಾತ್‌ರೂಮ್ ಇದ್ದಂಗದೆ."

ಬಸರಿ ಕಟ್ಟೆ ಆ ಊರಿಗೆ ಬಸ್ ನಿಲ್ದಾಣವೂ ಆಗಿತ್ತು. ಹೊಸೂರು ಸಂತೆಗೆ ಹುರುಳಿಕಾಯಿ, ಮೂಲಂಗಿ, ಕೊತ್ತಂಬರಿ ಕಟ್ಟು ಹೊತ್ತವರು, ಆಸ್ಪತ್ರೆಗೆ ಹೊರಟ ಬಸುರಿಯರು, ಫ್ಯಾಕ್ಟರಿಯ ಮೊದಲ ಪಾಳಿಗೆ ಹೋಗುವ ಹುಡುಗರು ಎಲ್ಲರೂ ಅಲ್ಲೇ ಕಾಯುತ್ತಿದ್ದರು. ಕಲ್ಲಿನ ಮೇಲೆ ಯಾರೋ ಉಳಿಯಿಂದ ಹುಲಿ-ಕುರಿ ಆಟದ ಗೆರೆ ಕೊರೆದಿದ್ದರು. ಬಸ್ಸು ತಡವಾದಷ್ಟೂ ಆಟ ಬಿರುಸು. ಗೆಲ್ಲುವ ಹೊತ್ತಿಗೆ ಬಸ್ಸು ಬಂದರೆ ಬೈಗುಳ ಡ್ರೈವರಿಗೆ. ಬಸ್ಸಿನ ಹಾರನ್ ಕೇಳಿದ ಕೂಡಲೇ ಕುಡಿಯುತ್ತಿದ್ದವರು ಚೊಂಬಿನಲ್ಲಿ ಉಳಿದ ನೀರನ್ನು ಬುಡಕ್ಕೆ ಸುರಿದು ಏಳುತ್ತಿದ್ದರು. "ಆ ಮರಕ್ಕೆ ಯಾರೂ ಬಿಂದ್ಗೆ ಹೊತ್ತು ನೀರು ಹುಯ್ದಿದ್ದು ನಾನು ನೋಡಿಲ್ಲ," ಎಂದು ಮುತ್ತರಾಯಪ್ಪ ನೆನೆಯುತ್ತಾರೆ. "ಬ್ಯಾಸ್ಗೇಲೂ ಬುಡ ತಣ್ಣಗೆ ಇರ್ತಿತ್ತು."

ಹದಿನೈದು ವರ್ಷದ ಹಿಂದೆ ರಸ್ತೆ ಅಗಲವಾಯಿತು. ಮರ ಉರುಳಿದ ದಿನ ಮುತ್ತರಾಯಪ್ಪ ಕೃಷ್ಣಗಿರಿ ಕಡೆಯ ಕ್ವಾರಿಯಲ್ಲಿ ಲಾರಿಗೆ ಕಲ್ಲು ತುಂಬುತ್ತಿದ್ದರು. ಕಟ್ಟೆ ಕಟ್ಟಿಸುವವರು ಕಡಿಮೆಯಾಗಿ ಅವರು ಆ ಕೆಲಸಕ್ಕೆ ಬಿದ್ದು ಆಗಲೇ ಬಹಳ ಕಾಲವಾಗಿತ್ತು. ಆ ದೂಳಿನ ಕೆಮ್ಮು ಇವತ್ತಿಗೂ ಮಾತಿನ ನಡುವೆ ಬಂದು ಹೋಗುತ್ತದೆ. ಸುದ್ದಿ ತಿಳಿದು ಸಂಜೆಗೆ ಓಡಿ ಬಂದಾಗ ಕಾಂಡ ಆಗಲೇ ಸಾಗಿಹೋಗಿತ್ತು. ಸಿಕ್ಕಿದ್ದು ಎರಡು. ಹುಲಿ-ಕುರಿ ಗೆರೆಯಿದ್ದ ಒಂದು ಚಪ್ಪಡಿ. ಮತ್ತು ಹೆಬ್ಬೆರಳು ದಪ್ಪದ ಒಂದು ಹಸಿ ರೆಂಬೆ. ಬಸರಿಯ ತುಂಡು ನೆಟ್ಟರೂ ಬೇರು ಬಿಡುತ್ತದೆ. ರೆಂಬೆಯನ್ನು ಮನೆಯ ಹಿಂದೆ ಎಣ್ಣೆ ಡಬ್ಬದಲ್ಲಿ ನೆಟ್ಟರು. ಚಪ್ಪಡಿಯನ್ನು ಹೆಂಡತಿ ಮಂಗಮ್ಮ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡರು.

ನರ್ಸರಿಗೆ ಅವರು ಬಂದಿದ್ದು ಕಾಲುದಾರಿಗೆ ಚಪ್ಪಡಿ ಹಾಸಲು. ಮಾಲೀಕ ಭೈರೇಶ್ ಚನ್ನಪಟ್ಟಣದ ಕಡೆಯವರು. ಹೊಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು, ಸ್ವಯಂ ನಿವೃತ್ತಿ ಪಡೆದು ಇಲ್ಲಿ ಮರ ಬೆಳೆಸುತ್ತಿದ್ದಾರೆ. ಅಂಗಿಯ ಜೇಬಿನಲ್ಲಿ ಈಗಲೂ ಪೆನ್ನಿನ ಪಕ್ಕ ಉಕ್ಕಿನ ಸ್ಕೇಲು. "ಊಟಕ್ಕೆ ಬಿಟ್ಟಾಗ ಈಯಪ್ಪ ಮರಗಳ ಹತ್ರ ಹೋಗಿ ಕೂರೋದು," ಎನ್ನುತ್ತಾರೆ ಭೈರೇಶ್. "ಒಂದಿನ ನೋಡ್ತೀನಿ, ಆಲದ ಕುಂಡಾನ ತಿರುಗಿಸಿ ಇಟ್ಟಿದಾರೆ. ಯಾಕಪ್ಪ ಮುಟ್ಟಿದೆ ಅಂದೆ. 'ಇದ್ರ ಬೇರು ಆ ಕಡೆ ಹೋಗ್ತಾ ಐತೆ ಸಾಮಿ, ನೀವು ಈ ಕಡೆ ಜಾಗ ಬುಟ್ಟಿದೀರಿ' ಅಂದ್ರು. ನೋಡಿದ್ರೆ ನಿಜವೇ."

ಹಾಗೆಂದು ಮೊದಲ ದಿನದಿಂದಲೇ ಎಲ್ಲವೂ ಸರಿಹೋಯಿತು ಎಂದಲ್ಲ. ಕುಂಡ ಆರಿಸಲು ಬಿಟ್ಟ ಮೊದಲ ವರ್ಷ ಮುತ್ತರಾಯಪ್ಪ ಪ್ರತಿ ಮರಕ್ಕೂ ಎರಡರಷ್ಟು ದೊಡ್ಡ ಕುಂಡ ತಂದರು. ಮರ ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ಬಯಲು. ಕೊಳ್ಳಲು ಬಂದವರು ನಕ್ಕರು. ಭೈರೇಶ್ ಸ್ಕೇಲು ಹಿಡಿದು, ಇಷ್ಟು ಜಾಗ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿದರು. "ಜನ ಕೂರಾಕೆ," ಎಂದು ಇವರು ಉತ್ತರ ಕೊಟ್ಟರು. ತಮಾಷೆಗೆ ಹೇಳಿದ್ದಲ್ಲ. ಕೈ ಹಾಗೇ ಕಲಿತಿತ್ತು.

"ಅವತ್ತು ನಕ್ಕಿದ್ದು ಇನ್ನೂ ನಿಂತಿಲ್ಲ ಈಯಮ್ಮಂದು," ಎಂದು ಮುತ್ತರಾಯಪ್ಪ ವೆಂಕಟಲಕ್ಷ್ಮಿಯ ಕಡೆ ಬೆರಳು ತೋರಿಸುತ್ತಾರೆ. ಅವರು ಜರಡಿ ಇಳಿಸಿ, "ಇರುವೆಗಳ ಪಂಚಾಯ್ತಿ ಸೇರ್ಸಾಕೆ ಜಾಗ ಬುಟ್ಟವ್ರೆ ಅಂದಿದ್ದೆ, ಇನ್ನೇನಿಲ್ಲ," ಎನ್ನುತ್ತಾರೆ.

ನಗುವಿನ ಜತೆ ನಷ್ಟವೂ ಆಯಿತು. ದೊಡ್ಡ, ತೆಳು ಕುಂಡಗಳಲ್ಲಿ ಕೆಲವು ಮರಗಳ ಬೇರು ಕೊಳೆಯಿತು. ಕಾರಣ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಪೂರ್ತಿ ನೆನೆದ ಸ್ಪಂಜನ್ನು ಅಂಗೈ ಮೇಲೆ ಅಡ್ಡ ಮಲಗಿಸಿದರೆ ಒಂದಷ್ಟು ನೀರು ತೊಟ್ಟಿಕ್ಕಿ ನಿಂತುಬಿಡುತ್ತದೆ. ಅದನ್ನೇ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಮತ್ತೆ ನೀರು ಸುರಿಯುತ್ತದೆ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಒಂದು ಎತ್ತರದವರೆಗೆ ಬಿಗಿಹಿಡಿದಿರುತ್ತವೆ. ಕುಂಡ ತೆಳುವಾಗಿದ್ದರೆ ಆ ಎತ್ತರವೇ ಕುಂಡದ ಅರ್ಧಭಾಗ. ಕೆಳಗೆ ಎಷ್ಟೇ ತೂತಿದ್ದರೂ ಆ ನೀರು ಇಳಿಯುವುದಿಲ್ಲ. ಅದನ್ನು ಹೀರಲು ಬೇರಿಲ್ಲದ ಬಯಲು ಜಾಗ ಜಾಸ್ತಿಯಿದ್ದರೆ ಮಣ್ಣು ಹುಳಿಯುತ್ತದೆ. ಭೈರೇಶ್ ಇದನ್ನು ಸ್ಪಂಜು ಹಿಡಿದೇ ತೋರಿಸಿಕೊಟ್ಟರು. ಮರದ ಎತ್ತರ ಅಥವಾ ಹರವು, ಯಾವುದು ದೊಡ್ಡದೋ ಅದರ ಮೂರರಲ್ಲಿ ಎರಡು ಪಾಲು ಕುಂಡದ ಉದ್ದ. ಕಾಂಡದ ದಪ್ಪದಷ್ಟು ಆಳ. ಜಲಪಾತದಂತೆ ಕೆಳಗಿಳಿಯುವ ಮರಕ್ಕೆ ಮಾತ್ರ ಆಳದ ಕುಂಡ. ಮುತ್ತರಾಯಪ್ಪ ಆ ಲೆಕ್ಕ ಕಲಿತರು, ದಾರ-ಬೂದಿ ಬಿಡಲಿಲ್ಲ. ಈಗ ದಾರದ ಗೆರೆ ಮೊದಲು ಬೀಳುತ್ತದೆ, ಸ್ಕೇಲು ಆಮೇಲೆ ಬರುತ್ತದೆ. ಎರಡೂ ಒಪ್ಪಿದರೆ ಮರ ಕುಂಡಕ್ಕೆ ಇಳಿಯುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಚಿಗುರಿನ ಕಾಲದಲ್ಲಿ ದಿನಕ್ಕೆ ನಾಲ್ಕೈದು ಮರ.

ಎಣ್ಣೆ ಡಬ್ಬದ ಬಸರಿಯೂ ಅವರ ಹಿಂದೆಯೇ ನರ್ಸರಿಗೆ ಬಂತು. ಮನೆಯ ಹಿಂದೆ ಅದಕ್ಕೆ ಬಿಸಿಲು ಸಾಲುತ್ತಿರಲಿಲ್ಲ. ಡ್ರಮ್ಮಿಗೆ ಬದಲಾಯಿಸಿದರು, ಕೊಂಬೆ ಸವರಿದರು, ತಂತಿ ಸುತ್ತಿ ಬಾಗಿಸಿದರು. ಮೂರು ಬೇರು ಒಂದೇ ಕಡೆಗೆ ಬೆರಳು ಚಾಚಿದಂತೆ ಎದ್ದವು. ತಾಯಿಮರದ ಬೇರೂ ಹೀಗೇ, ರಸ್ತೆಯ ಕಡೆಗೆ ಚಾಚಿತ್ತಂತೆ. ಮರ ಎಂದೋ ತಯಾರಾಯಿತು. ಕುಂಡ ಮಾತ್ರ ಸಿಗಲಿಲ್ಲ. ಪ್ರತಿ ಶಿವರಾತ್ರಿಗೂ ಬೂದಿ ಗೆರೆ ಬೀಳುತ್ತದೆ, ಅಳಿಯುತ್ತದೆ, ಮರ ಡ್ರಮ್ಮಿನಲ್ಲೇ ಉಳಿಯುತ್ತದೆ.

ನರ್ಸರಿಯ ಪದ್ಧತಿ ಎಲ್ಲರಿಗೂ ಗೊತ್ತು. ಡ್ರಮ್ಮಿನಲ್ಲಿರುವ ಮರ ಇನ್ನೂ ಬೆಳೆಯುತ್ತಿರುವ ಮರ, ಮಾರಾಟಕ್ಕಿಲ್ಲ. ಕುಂಡಕ್ಕೆ ಇಳಿಯಿತೆಂದರೆ ಮುಂದಿನ ಸಾಲಿಗೆ ಬರುತ್ತದೆ, ಇವತ್ತಲ್ಲ ನಾಳೆ ಯಾರದೋ ಕಾರಿನಲ್ಲಿ ಹೋಗುತ್ತದೆ.

ಈ ವರ್ಷ ಮುಂದೂಡುವಂತಿಲ್ಲ. ಭೈರೇಶ್ ಡ್ರಮ್ಮಿಗೆ ಒಂದು ಮಗ್ಗು ನೀರು ಹಾಕಿ ತೋರಿಸುತ್ತಾರೆ. ನೀರು ಒಳಗಿಳಿಯದೆ ಮೇಲೆಯೇ ನಿಂತು, ನಿಧಾನಕ್ಕೆ ಅಂಚಿನಿಂದ ಹರಿದುಹೋಗುತ್ತದೆ. ಒಳಗೆ ಮಣ್ಣೇ ಉಳಿದಿಲ್ಲ, ಬೇರೇ ಬೇರು, ಒಂದನ್ನೊಂದು ಸುತ್ತಿ ಬಿಗಿದುಕೊಂಡಿವೆ. ಹೋದ ಚಿಗುರಿನಲ್ಲಿ ಎಲೆ ಸಣ್ಣದಾಯಿತು, ಎರಡು ರೆಂಬೆ ಒಣಗಿದವು. "ಯುಗಾದಿ ಒಳಗೆ ಬೇರು ಬಿಡಿಸಿ ಕುಂಡಕ್ಕೆ ಹಾಕ್ದಿದ್ರೆ ಮುಂದಿನ ಯುಗಾದಿಗೆ ಈ ಮರ ಇರಲ್ಲ," ಎನ್ನುತ್ತಾರೆ ಅವರು. "ನಾನು ಅವರಿಗೆ ಹೇಳಿದೀನಿ, ಮಾರೋದೇ ಬೇಡ, ಮನೆಗೆ ತಗೊಂಡು ಹೋಗಿ ಅಂತ. ಕೇಳಲ್ಲ."

ಯಾಕೆ ಎಂಬುದಕ್ಕೆ ಮುತ್ತರಾಯಪ್ಪ ಕಾರಣ ಹೇಳುತ್ತಾರೆ. "ಮನೇಲಿಕ್ಕಂಡ್ರೆ ನಾನೊಬ್ನೇ ನೋಡ್ತೀನಿ. ಮಂಗಮ್ಮ ನೋಡ್ತಾಳೆ. ಆಮ್ಯಾಕೆ? ಕಟ್ಟೆ ಮರ ಸಾಮಿ ಅದು. ಹತ್ತು ಜನ ಬರ್ತಾ ಹೋಗ್ತಾ ಇರೋ ಕಡೆ ಇತ್ತು. ನನ್ನ ಹಿತ್ಲಾಗೆ ಕೂಡಾಕಿದ್ರೆ ಅದಕ್ಕೆ ಬ್ಯಾಸ್ರ." ಮಾರುವುದಕ್ಕೂ ಮನಸ್ಸಿಲ್ಲ, ಇಟ್ಟುಕೊಳ್ಳುವುದಕ್ಕೂ ಮನಸ್ಸಿಲ್ಲ. ನಡುವೆ ಮರ ಬಾಡುತ್ತಿದೆ.

ಚಪ್ಪಡಿಯ ಯೋಚನೆ ಬಂದಿದ್ದು ಭೈರೇಶರಿಗೆ. ಹಳೆಯ ಕಟ್ಟೆಯ ಕಲ್ಲೇ ಮನೆಯಲ್ಲಿದೆಯಲ್ಲ, ಅದರಲ್ಲಿ ಬಟ್ಟಲಿನಂತೆ ಹಳ್ಳ ಕೊರೆದು ಬಸರಿಯನ್ನು ಕೂರಿಸಿದರೆ? ಕೇಳಿದವರಿಗೆಲ್ಲ ಇದಕ್ಕಿಂತ ಒಳ್ಳೆಯ ಕುಂಡ ಇಲ್ಲ ಎನಿಸುತ್ತದೆ. ಒಂದು ಭಾನುವಾರ ಬೆಳಿಗ್ಗೆ ಮರವನ್ನು ಆಟೋದಲ್ಲಿ ಮುತ್ತರಾಯಪ್ಪನ ಮನೆಗೆ ತರುತ್ತಾರೆ. ಮಂಗಮ್ಮ ಕಲ್ಲಿನ ಮೇಲೆ ಸೀರೆ ಕುಕ್ಕುತ್ತಿದ್ದಾರೆ.

"ಏಳೇ, ಕಲ್ಲು ಬೇಕು," ಎನ್ನುತ್ತಾರೆ ಗಂಡ.

"ಹದಿನೈದು ವರ್ಸದಿಂದ ನಾನು ಕುಕ್ತಾ ಇರೋ ಕಲ್ಲು ಇದು. ಮರಕ್ಕೆ ಬೇಕಂದ್ರೆ ಮರಾನೇ ಬಂದು ಕೇಳ್ಲಿ."

"ಬಂದೈತೆ ನೋಡು, ಆಟೋದಾಗೆ ಕೂತದೆ."

ಮಂಗಮ್ಮ ನಗುತ್ತಲೇ ಎದ್ದು ಬಕೆಟ್ ಸರಿಸುತ್ತಾರೆ. ಸೋಪಿನ ನೊರೆ ತೊಳೆದಾಗ ಹುಲಿ-ಕುರಿಯ ಗೆರೆಗಳು ಮಸುಕಾಗಿ ಮೇಲೇಳುತ್ತವೆ. "ಹುಲಿ ಇಲ್ಲ, ಕುರಿ ಇಲ್ಲ. ಗೆರೆ ಮಾತ್ರ ಎಷ್ಟು ಉಜ್ಜಿದ್ರೂ ಹೋಗಾಕಿಲ್ಲ ಅಂತದೆ," ಎನ್ನುತ್ತಾರೆ ಅವರು.

ಡ್ರಮ್ಮಿನ ಸಮೇತ ಮರವನ್ನು ಕಲ್ಲಿನ ಹಿಂದೆ ಇಟ್ಟು, ಬುಡ ಕಲ್ಲಿನ ಮೇಲೇ ಎದ್ದಂತೆ ಕಾಣುವ ಹಾಗೆ ಮಾಡಿ ಮುತ್ತರಾಯಪ್ಪ ಕುಕ್ಕರುಗಾಲಲ್ಲಿ ಕೂರುತ್ತಾರೆ. ನೋಡುತ್ತಾರೆ. ಎದ್ದು ಬೀದಿಯ ತನಕ ಹೋಗಿ ಅಲ್ಲಿಂದಲೂ ನೋಡುತ್ತಾರೆ. ಆಮೇಲೆ ಬಂದು, ಒದ್ದೆ ಕಲ್ಲಿನ ಮೇಲೆ ಅಂಗೈ ಇಡುತ್ತಾರೆ.

"ಬ್ಯಾಡ," ಎನ್ನುತ್ತಾರೆ.

ಭೈರೇಶರಿಗೂ ಕಲ್ಲಿನ ಬಗ್ಗೆ ಒಂದು ಅನುಮಾನ ಇದ್ದೇ ಇತ್ತು. ಬಿಸಿಲಿಗೆ ಕಾದ ಗಟ್ಟಿಕಲ್ಲು ಸಂಜೆಯಾದರೂ ಆರುವುದಿಲ್ಲ, ತೆಳು ಮಣ್ಣಿನ ಬೇರು ಬೆಂದುಹೋಗುತ್ತದೆ. ಆದರೆ ಮುತ್ತರಾಯಪ್ಪನ ಕಾರಣ ಬೇರೆ. "ಈ ಕಲ್ಲು ಆ ಮರದ್ದು ಸಾಮಿ. ಇದ್ರ ಮ್ಯಾಕೆ ಇಕ್ಕಿದ್ರೆ ಕಲ್ಲೇ ಕಾಣ್ತದೆ, ಮರ ಕಾಣಲ್ಲ. ನೋಡೋರಿಗೆಲ್ಲ ನಾನು ಕತೆ ಹೇಳ್ತಾ ನಿಂತ್ಕಬೇಕು. ಅದು ಸತ್ತೋಯ್ತು. ಇದು ಬೇರೆ ಮರ, ಚಿಗುರೋ ಮರ. ಇದಕ್ಕೆ ಇದರದ್ದೇ ಕುಂಡ ಬೇಕು."

ಆ ಮರ ಸತ್ತುಹೋಯಿತು ಎಂಬ ಮಾತು ಇಷ್ಟು ವರ್ಷ ಅವರ ಬಾಯಿಂದ ಬಂದಿರಲಿಲ್ಲ ಎಂದು ಮಂಗಮ್ಮ ಆಮೇಲೆ ಹೇಳುತ್ತಾರೆ. ಆಗ ಮಾತ್ರ ಅವರು ಬಕೆಟ್ ಹಿಂದಕ್ಕೆ ತಂದು ಅರ್ಧಕ್ಕೆ ಬಿಟ್ಟ ಸೀರೆಯನ್ನು ಮತ್ತೆ ಕಲ್ಲಿಗೆ ಹಾಕಿದರು.

ಮರುದಿನ ಬೆಳಗು ಹರಿಯುವ ಮುಂಚೆ ಬಸರಿ ನರ್ಸರಿಯ ಕಟ್ಟೆಯ ಮೇಲಿದೆ. ಮುತ್ತರಾಯಪ್ಪ ಡ್ರಮ್ಮನ್ನು ಉದ್ದಕ್ಕೆ ಕುಯ್ದು ತೆಗೆದಿದ್ದಾರೆ. ಬೇರಿನ ಮುದ್ದೆ ಡ್ರಮ್ಮಿನ ಆಕಾರದಲ್ಲೇ ನಿಂತಿದೆ. ಇನ್ನು ಹಿಂದಕ್ಕೆ ಹೋಗುವಂತಿಲ್ಲ. ದಾರ ಎಳೆಯುತ್ತಾರೆ, ಬೂದಿ ಬಿಡುತ್ತಾರೆ. ಈ ಸಲ ಗೆರೆ ಅಳಿಯುವುದಿಲ್ಲ. ಉದ್ದನೆಯ ಮೊಟ್ಟೆಯಾಕಾರ, ಮರ ನಡುವಿಗಿಂತ ಎಡಕ್ಕೆ, ಬೇರು ಚಾಚಿದ ಬಲಗಡೆ ಬಯಲು. ಶೆಡ್ಡಿನಿಂದ ಬರುವುದು ಹೊಳಪಿಲ್ಲದ, ರಾಗಿ ಹೊಲದ ಮಣ್ಣಿನ ಬಣ್ಣದ ಒಂದು ಸಾದಾ ಕುಂಡ. ಅಂಚು ಒಂದು ಕಡೆ ಚೂರು ಮುಕ್ಕಾಗಿ, ಯಾರೂ ಬೇಡವೆಂದು ಹಿಂದಕ್ಕೆ ತಳ್ಳಿದ್ದು.

ಭೈರೇಶ್ ಸ್ಕೇಲು ತೆಗೆದು ಅಳೆಯುತ್ತಾರೆ. "ಎರಡಿಂಚು ಜಾಸ್ತಿ ಇದೆ."

"ಗೊತ್ತು ಸಾಮಿ."

"ಮತ್ತೆ ಜನ ಕೂರೋಕಾ?"

"ಊಂ," ಎನ್ನುತ್ತಾರೆ ಮುತ್ತರಾಯಪ್ಪ. "ಈ ಒಂದಕ್ಕೆ ಬುಟ್ಬುಡಿ. ಆ ಎರಡಿಂಚಿಗೆ ದಪ್ಪ ಇಟ್ಗೆ ಚೂರು ತುಂಬ್ತೀನಿ, ನೀರು ನಿಲ್ದಂಗೆ."

ಭೈರೇಶ್ ಸ್ಕೇಲನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಬಿದಿರು ಕಡ್ಡಿಯಿಂದ ಬೇರು ಬಿಡಿಸುವ ಕೆಲಸ ಬಿಸಿಲೇರುವವರೆಗೂ ಸಾಗುತ್ತದೆ. ವೆಂಕಟಲಕ್ಷ್ಮಿ ಬೇರಿಗೆ ನೀರು ಚಿಮುಕಿಸುತ್ತಾ ನಿಂತಿದ್ದಾರೆ, ಬಾಯಿಂದ ಒಂದು ತಮಾಷೆಯೂ ಇಲ್ಲ. ಬೇರಿನ ಅರ್ಧಕ್ಕೂ ಹೆಚ್ಚು ಭಾಗ ಕತ್ತರಿಸಿ ಹೋಗುತ್ತದೆ. ಅದಕ್ಕೆ ಸರಿಯಾಗಿ ಎಲೆಯೆಲ್ಲ ಕಿತ್ತು ಹಾಕುತ್ತಾರೆ. ಕುಡಿಯುವ ಬಾಯಿ ಕಡಿಮೆಯಾದಾಗ ಆವಿಯಾಗಿ ಹೋಗುವ ನೀರೂ ಕಡಿಮೆಯಾಗಬೇಕು. ತೂತಿಗೆ ಜಾಲರಿ, ಜಾಲರಿಯ ಮೇಲೆ ಇಟ್ಟಿಗೆ ಚೂರು, ಮಣ್ಣು, ಅಲುಗಾಡದಂತೆ ತಂತಿ. ಕೊನೆಗೆ ಕುಂಡದಲ್ಲಿ ಉಳಿಯುವುದು ಒಂದು ಬೋಳು ಕಾಂಡ, ನಾಲ್ಕಾರು ಬೋಳು ಕೊಂಬೆ. ಕಾಡಿನಂಚಿನಲ್ಲಿ ಬಿದ್ದ ಕಟ್ಟಿಗೆಗೂ ಇದಕ್ಕೂ ಆ ಹೊತ್ತಿಗೆ ಹೆಚ್ಚು ವ್ಯತ್ಯಾಸವಿಲ್ಲ. ನೆರಳಿನಲ್ಲಿಟ್ಟು ಕಾಯುವುದಷ್ಟೇ ಬಾಕಿ.

ಕಾಯುವ ದಿನಗಳಲ್ಲಿ ಮುತ್ತರಾಯಪ್ಪ ಎಂದಿನಂತೆ ಬೇರೆ ಮರಗಳಿಗೆ ಗೆರೆ ಬಿಡುತ್ತಾರೆ, ಕುಂಡ ತರುತ್ತಾರೆ. ಬೆಳಿಗ್ಗೆ ಬಂದ ಕೂಡಲೇ ಮಾತ್ರ ಬಸರಿಯ ತೊಗಟೆಯನ್ನು ಉಗುರಿನಿಂದ ಚೂರೇ ಗೀರಿ ನೋಡುತ್ತಾರೆ. ಹಸಿರಿದೆ. "ದಿನಾ ಗೀರಿ ಗೀರಿ ನೀನೇ ಸಾಯಿಸ್ತೀಯ ಅದನ್ನ," ಎಂದು ವೆಂಕಟಲಕ್ಷ್ಮಿ ಗದರಿದ ಮೇಲೆ ಅದೂ ನಿಲ್ಲುತ್ತದೆ.

ಯುಗಾದಿಯ ಮರುವಾರ ಕೊಂಬೆಯ ತುದಿಗಳಲ್ಲಿ ತಾಮ್ರದ ಬಣ್ಣದ ಮೊಗ್ಗುಗಳು ಚೂಪಾಗಿ ಎದ್ದಿವೆ. ಒಂದೆರಡು ಬಿಚ್ಚಿ, ಬೆಳಕು ಆಚೆಗೆ ಕಾಣುವಷ್ಟು ತೆಳುವಾದ ಎಲೆಗಳಾಗಿವೆ. ಒಣಗಿದೆ ಎಂದುಕೊಂಡಿದ್ದ ಎರಡು ರೆಂಬೆಗಳ ಪೈಕಿ ಒಂದರ ಬುಡದಲ್ಲೂ ಒಂದು ಮೊಗ್ಗು. ಮಂಗಮ್ಮ ಒಬ್ಬಟ್ಟಿನ ಡಬ್ಬ ಹಿಡಿದು ನೋಡಲು ಬಂದಿದ್ದಾರೆ. ನೋಡಿ, "ಬಣ್ಣ ಆ ಹಳೇ ಮರದ್ದೇ," ಎನ್ನುತ್ತಾರೆ. ಅಷ್ಟೇ.

ಮರ ಮುಂದಿನ ಸಾಲಿಗೆ ಬಂದಿದೆ. ಆದರೆ ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಭೈರೇಶ್ ಮುತ್ತರಾಯಪ್ಪನಿಗೆ ಬಿಟ್ಟಿದ್ದಾರೆ. ಕೇಳಲು ಬಂದವರಿಗೆ ಅವರದು ಒಂದೇ ಪ್ರಶ್ನೆ, ತಮಿಳಿನವರಿಗೆ ತಮಿಳಿನಲ್ಲಿ, ನಮ್ಮವರಿಗೆ ಕನ್ನಡದಲ್ಲಿ: ಇದನ್ನು ಇಡುವ ಕಡೆ ಯಾರು ಕೂರುತ್ತಾರೆ? ಬಾಲ್ಕನಿಯಲ್ಲಿ ಇಡುತ್ತೇವೆ, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ ಎಂದ ದಂಪತಿಗೆ ಒಂದು ಬೋಗನ್‌ವಿಲ್ಲಾ ತೋರಿಸಿ ಕಳಿಸಿದ್ದಾರೆ. ಷೋರೂಮಿನ ಗಾಜಿನೊಳಗೆ ಇಡುವವರಿಗೆ ಮರ ತಾಳುವುದಿಲ್ಲ ಎಂದು ನೇರವಾಗಿಯೇ ಹೇಳಿದ್ದಾರೆ.

ಇವತ್ತು ಬಂದಿರುವವರು ಶ್ರೀವಿದ್ಯಾ. ಬಾಗಲೂರು ರಸ್ತೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸ, ಮೂಲ ತುಮಕೂರಿನ ಕಡೆ. ಬಸರಿಯ ಮುಂದೆ ನಿಂತವರು ಅಲ್ಲಿಂದ ಕದಲಿಲ್ಲ. ಮುತ್ತರಾಯಪ್ಪ ಪ್ರಶ್ನೆ ಕೇಳುತ್ತಾರೆ. ಅವರು ಯೋಚಿಸಿ ಹೇಳುತ್ತಾರೆ: "ರಿಸೆಪ್ಷನ್‌ಗೆ ಅಂತ ಬಂದೆ. ಆದ್ರೆ ಅಲ್ಲಿ ಎ.ಸಿ. ನಮ್ಮ ಗೇಟ್ ಪಕ್ಕ ಒಂದು ಶೀಟಿನ ಶೆಡ್ಡಿದೆ, ಒಂದು ಕಡೆ ಬಿಸಿಲು ಬರುತ್ತೆ. ಬೆಂಚ್ ಹಾಕಿದೀವಿ. ಪಾಳಿ ಮುಗಿಸಿದ ಹೆಣ್ಮಕ್ಕಳು ಕಂಪನಿ ಬಸ್ಸಿಗೆ ಅಲ್ಲೇ ಕಾಯ್ತಾರೆ."

"ಬಸ್ಸಿಗಾ?"

"ಹೂಂ. ಕೆಲವು ಸಲ ಅರ್ಧ ಗಂಟೆ ಲೇಟು. ಪಾಪ, ಬೈಕೊಂಡು ಕೂತಿರ್ತಾರೆ."

ಮುತ್ತರಾಯಪ್ಪ ಕುಂಡದ ಎರಡೂ ಬದಿ ಹಿಡಿದು ನಿಧಾನವಾಗಿ ತಿರುಗಿಸುತ್ತಾರೆ. ಎರಡಿಂಚಿನ ಬಯಲು ಶ್ರೀವಿದ್ಯಾ ನಿಂತ ಕಡೆಗೆ ಬರುತ್ತದೆ. "ಈ ಕಡೆ ಬೆಂಚಿಗೆ ಇರಲಿ," ಎನ್ನುತ್ತಾರೆ. ಕಣ್ಣು ಕುಂಡದ ಮೇಲೆಯೇ ಇದೆ.

ಇದಕ್ಕೆ ದಿನವೂ ನೀರು ಹಾಕಬೇಕಲ್ಲ, ಆ ಶೆಡ್ಡಿಗೆ ಮಾಲಿ ಬರುವುದಿಲ್ಲ, ಯಾರಿಗೆ ಹೇಳಲಿ ಎಂದು ಶ್ರೀವಿದ್ಯಾ ಚಿಂತೆಯಲ್ಲಿ ಕೇಳುತ್ತಾರೆ.

"ಯಾರ್ಗೂ ಹೇಳ್ಬ್ಯಾಡವ್ವಾ," ಎನ್ನುತ್ತಾರೆ ಮುತ್ತರಾಯಪ್ಪ. "ಬಸ್ ಕಾಯೋರು ಅವ್ರೆ ಅಂದ್ಯಲ್ಲ. ಬಾಟ್ಲಾಗೆ ಉಳ್ದಿದ್ದನ್ನ ಅವ್ರೇ ಹುಯ್ದು ಏಳ್ತಾರೆ."